ಮುತ್ಯಾನ ಅಪ್ಪನ ಹೆಸರು ಜನಗಣತಿಯಾಗ ಸಿಗ್ತದೇನ್ರಿ?

ಪ್ರಶ್ನೆ (ಬೀದರ್): ಸರ್, ನಮ್ಮ ಮುತ್ಯಾ ಹುಮನಾಬಾದ್ ಕಡೆ ಹಳ್ಳಿಯವರು. 1931ರ ಸುಮಾರಿಗೆ ಮೆಥೋಡಿಸ್ಟ್ ಮಿಷನ್‌ದಾಗ ದೀಕ್ಷಾಸ್ನಾನ ತಗೊಂಡ್ರು. ಚರ್ಚ್ ರಿಜಿಸ್ಟರಿನಾಗ ಅವರ ಹೊಸ ಹೆಸರು ಸಿಕ್ತು, ತಂದೆ ಹೆಸರಿನ ಕಾಲಂ ಖಾಲಿ ಅದ. ಲಂಡನ್ನಿನಾಗಿರೋ ನನ್ನ ತಮ್ಮ ಅಲ್ಲಿಯ 1921ರ ಜನಗಣತಿ ಮನೆಮಂದಿ ಹೆಸರು ಸಮೇತ ಆನ್‌ಲೈನ್ ತೋರಿಸ್ತಾನ. ನಮ್ಮ 1931ರದ್ದು ಎಲ್ಲಿ ಸಿಗ್ತದ?

ಉತ್ತರ (ಹಳೇ ದಾಖಲೆ ಓದುವ ವೃತ್ತಿಯವರು): ಆ ಆಸೆ ಬಿಡ್ರಿ. ಇಂಗ್ಲೆಂಡಿನಾಗ ನೂರು ವರ್ಷ ಕಳೆದ ಮ್ಯಾಲೆ ಮನೆಮನೆ ಹಾಳೆ ತೆರೀತಾರ. ನಿಜಾಮರ ಸಂಸ್ಥಾನದ 1931ರ ವರದಿಯಾಗ ಜಿಲ್ಲೆ, ಧರ್ಮ, ಭಾಷೆವಾರು ಅಂಕಿ ಅವ, ಮನೆಯವರ ಹೆಸರಿಲ್ಲ. ಸ್ವಾತಂತ್ರ್ಯದ ನಂತರದ್ದಕ್ಕ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಅಡ್ಡ ಬರ್ತದ: ಗಣತಿ ದಾಖಲೆ ಯಾರೂ ನೋಡುವಂಗಿಲ್ಲ.

ನಿಮ್ಮ ದಾರಿ ಆ ರಿಜಿಸ್ಟರಿನಾಗೇ ಅದ. ದೊಡ್ಡವರಾದ ಮ್ಯಾಲೆ ದೀಕ್ಷೆ ತಗೊಂಡವರ ತಂದೆ ಹೆಸರು ಬಿಟ್ಟಿರೋದು ಹೊಸದೇನಲ್ಲ. ಅದೇ ದಿನದ ಮೇಲಿನ-ಕೆಳಗಿನ ಸಾಲು ಓದ್ರಿ. ಅದೇ ಊರಿನ, ಅದೇ ವಯಸ್ಸಿನ ಇನ್ನೊಬ್ಬರಿದ್ರ ಅಣ್ಣ-ತಮ್ಮ ಇರಬಹುದು, ಅವರ ಕಾಲಂ ತುಂಬಿರಬಹುದು. ಮುತ್ಯಾನ ಲಗ್ನ ಚರ್ಚಿನಾಗೇ ಆಗಿದ್ರ ಮದುವೆ ರಿಜಿಸ್ಟರ್ ಮೊದಲು ನೋಡ್ರಿ, ಅಲ್ಲಿ ಸಾಮಾನ್ಯವಾಗಿ ತಂದೆ ಹೆಸರು ಕೇಳಿ ಬರೀತಿದ್ರು.

ಎರಡನೇದು ಹೊಲದ ಕಾಗದ. ಚರ್ಚಿನಾಗ ಹೆಸರು ಬದಲಾದ್ರೂ ಪಟ್ಟಾದಾಗ ಹಳೇದೇ ಉಳಿದಿರ್ತದ. ಈಗಿನ ಪಹಣಿಯ ಸರ್ವೆ ನಂಬರ್ ಹಿಡಿದು 1954-55ರ ಖಾಸ್ರಾ ಪಹಣಿಗೆ (ಆಗಿನ ಹೊಲವಾರು ದಾಖಲೆ), ಅಲ್ಲಿಂದ ಸೇತ್ವಾರಕ್ಕ (ಅದಕ್ಕೂ ಹಿಂದಿನ ಸರ್ವೆ ರಿಜಿಸ್ಟರ್) ಹಿಂದಕ ಹೋಗ್ರಿ. ಉರ್ದು ಹಾಳೆಯಾಗ ಎರಡು ಹೆಸರಿನ ನಡುವೆ ‘ವಲದ್’ ಇದ್ರ ಎರಡನೇದು ಅಪ್ಪನದು. ‘ಜೌಜೆ’ ಇದ್ರ ಗಂಡನದು. ಇವೆರಡನ್ನ ಕಲಸಿ ವಂಶವೃಕ್ಷ ಕೆಡಿಸಿಕೊಂಡವರು ಬಹಳ ಮಂದಿ. ಆ ಹಾಳೆಯಾಗ ಇರೋದು ಫಸಲಿ ವರ್ಷ, ಅಂದ್ರ ಕಂದಾಯದ ಲೆಕ್ಕದ ವರ್ಷ; ಅದಕ್ಕ 590 ಕೂಡಿಸ್ರಿ: 1340 ಅಂದ್ರ 1930-31.

ಪ್ರಶ್ನೆ (ಅವರೇ): ನಮ್ಮವರಿಗೆ ಪಟ್ಟಾ ಹೊಲ ಇರಲಿಲ್ರಿ, ಕೂಲಿ ಮಂದಿ.

ಉತ್ತರ: ಊರ ಚಾಕರಿಗೆ ಇನಾಮ್ ಭೂಮಿ ಇತ್ತೇನೋ ವಿಚಾರಿಸ್ರಿ. ಅಂಥದ್ದಿದ್ರ ಯಾರು ಸತ್ತ ಮ್ಯಾಲೆ ಯಾರಿಗೆ ಬಂತು ಅಂತ ವಿರಾಸತ್ ಫೈಲಿನಾಗ ವಾರಸುದಾರರ ಹೆಸರು ಸಿಗ್ತಾವ. ತಹಸೀಲ್ ರೆಕಾರ್ಡ್ ರೂಮಿಗೆ ನಕಲಿನ ಅರ್ಜಿ ಕೊಡ್ರಿ.

ಇನ್ನೊಬ್ಬರು (ಯಾದಗಿರಿ): ಮನೆತನದ ವಂಶಾವಳಿ ಹೇಳ್ಕೋತ ಊರೂರು ತಿರುಗೋ ಹೆಳವರನ್ನ ಕೇಳಿದ್ರ ಹೇಳಂಗಿಲ್ಲೇನ್ರಿ?

ಉತ್ತರ: ನಿಮ್ಮ ಹಳೇ ಮನೆತನ ಅವರ ಒಕ್ಕಲಾಗಿದ್ರ ಹೇಳ್ತಾರ. ಆದ್ರ ಆ ಹೆಸರು ಒಂದು ಕಾಗದದಾಗೂ ಸಿಗೋತನಕ ಪೆನ್ಸಿಲ್ಲಿನಾಗೇ ಬರೀರಿ. ರಿಜಿಸ್ಟರಿನ ಆ ಪುಟದ ಫೋಟೋ ನನಗೊಬ್ಬನಿಗೇ ಕಳಿಸ್ರಿ, ಗುಂಪಿನಾಗ ಹಾಕಬ್ಯಾಡ್ರಿ. ಅದರಾಗ ಬ್ಯಾರೆ ಮನೆಯವರ ಹೆಸರೂ ಇರ್ತಾವ.