ಪದಚರ್ಚೆ: ಧ್ವನಿಮುದ್ರಣದ ‘ಗೇನ್’, ‘ಇನ್‌ಪುಟ್ ಲೆವೆಲ್’, ‘ಕ್ಲಿಪ್’ – ನಾಳೆಯೊಳಗೆ ಬೇಕು

ಪುತ್ತೂರಿನಿಂದ:

ಮಾನ್ಯರೇ,

ನಮ್ಮ ತಾಳಮದ್ದಳೆ ಕೂಟಗಳನ್ನು ಈಗ ಆರು ಮೈಕುಗಳಲ್ಲಿ ಬೇರೆಬೇರೆಯಾಗಿ ಹಿಡಿದು, ಎಂಟು ಚಾನೆಲ್ಲಿನ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯ ಮೂಲಕ ಕಂಪ್ಯೂಟರಿನಲ್ಲಿ ಮುದ್ರಿಸುತ್ತಿದ್ದೇವೆ. ಭಾಗವತರಿಗೊಂದು, ಮದ್ದಳೆಗೊಂದು, ಚೆಂಡೆಗೊಂದು, ಪಾತ್ರಗಳ ಮಾತನ್ನಾಡುವ ಅರ್ಥಧಾರಿಗಳಿಗೆ ಮೂರು. ಪೆಟ್ಟಿಗೆಯನ್ನು ನೋಡಿಕೊಳ್ಳುವ ಹುಡುಗರಿಗಾಗಿ ಗುಂಡಿಗಳ ಕೆಳಗೆ ಅಂಟಿಸಲು ಮೂರು ಪದಗಳು ಬೇಕಾಗಿವೆ: ಮೈಕಿನ ಸಂಕೇತವನ್ನು ಎಷ್ಟು ಹಿಗ್ಗಿಸಿ ಒಳಗೆ ತೆಗೆದುಕೊಳ್ಳಬೇಕೆಂದು ನಿರ್ಧರಿಸುವ ಗುಂಡಿಗೆ (ಗೇನ್), ಒಳಬಂದದ್ದನ್ನು ತೋರಿಸುವ ದೀಪದ ಸಾಲಿಗೆ (ಇನ್‌ಪುಟ್ ಲೆವೆಲ್), ಮಿತಿ ಮೀರಿದಾಗ ಹತ್ತುವ ಕೆಂಪು ದೀಪಕ್ಕೆ (ಕ್ಲಿಪ್).

‘ಧ್ವನಿ ಹೆಚ್ಚಿಸು’ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ಕಳೆದ ತಿಂಗಳ ಕೂಟದಲ್ಲಿ ಕರ್ಣನ ಅರ್ಥ ಹೇಳುವವರು ಪರೀಕ್ಷೆಯ ಹೊತ್ತಿಗೆ ‘ಹಲೋ, ಹಲೋ’ ಎಂದು ಮೆಲ್ಲಗೆ ಅಂದಿದ್ದರು. ಶಲ್ಯನೊಡನೆ ಮಾತಿಗೆ ಮಾತು ಬೆಳೆದಾಗ ಕೆಂಪು ದೀಪ ಹತ್ತಿತು. ಹುಡುಗನು ‘ಧ್ವನಿ’ ಎಂದು ಚೀಟಿ ಅಂಟಿಸಿದ್ದ ಗುಂಡಿಯನ್ನು ಇಳಿಸಿದನು. ಅದು ಹೆಡ್‌ಫೋನಿನ ಗುಂಡಿ. ಅವನ ಕಿವಿಗೆ ಸದ್ದು ತಗ್ಗಿತು, ಅವನು ನೆಮ್ಮದಿಯಾಗಿ ಕುಳಿತನು, ಕಂಪ್ಯೂಟರಿನಲ್ಲಿ ಮಾತ್ರ ಮುಂದಿನ ನಲವತ್ತು ನಿಮಿಷವೂ ಅಲೆಗಳ ನೆತ್ತಿ ಚಪ್ಪಟೆಯಾಗಿಯೇ ದಾಖಲಾಯಿತು. ಚೀಟಿಗಳನ್ನು ನಾಳೆ ಹತ್ತು ಗಂಟೆಗೆ ಅಚ್ಚಿಗೆ ಕೊಡಬೇಕು.

ಧಾರವಾಡದಿಂದ:

‘ಗೇನ್’ ಎಂಬುದಕ್ಕೆ ‘ಲಬ್ಧಿ’ ಎನ್ನಿ. ಹಿಂದಿಯ ತಾಂತ್ರಿಕ ಪರಿಭಾಷೆಯಲ್ಲಿ ಅದು ಆಗಲೇ ನೆಲೆಯೂರಿದೆ, ಆದರೆ ನನ್ನ ಕಾರಣ ಅದಲ್ಲ. ಗೇನ್ ಎಂಬುದು ಗಳಿಕೆಯೂ ಅಲ್ಲ, ಲಾಭವೂ ಅಲ್ಲ. ಹೊರಬಂದ ಸಂಕೇತವನ್ನು ಒಳಬಂದ ಸಂಕೇತದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. ಭಾಗಿಸಿ ಪಡೆದದ್ದನ್ನು ನಾವು ಪ್ರಾಥಮಿಕ ಶಾಲೆಯಿಂದಲೂ ‘ಭಾಗಲಬ್ಧ’ ಎಂದೇ ಕರೆಯುತ್ತ ಬಂದಿದ್ದೇವೆ. ಇಷ್ಟು ಕರಾರುವಾಕ್ಕಾಗಿ ಒದಗಿಬರುವ ಪದ ಕೈಯಲ್ಲಿರುವಾಗ ಹುಡುಕಾಟವೇಕೆ?

ಮಂಡ್ಯದಿಂದ:

ಚೆಂಡೆಯ ಪಕ್ಕದಲ್ಲಿ ಕುಳಿತ ಹುಡುಗನು ಭಾಗಾಕಾರ ಮಾಡುವುದಿಲ್ಲ. ‘ಲಬ್ಧಿ’ ಎಂದು ಬರೆದರೆ ಅವನು ಅದನ್ನು ಯಾವುದೋ ವ್ರತದ ಫಲವೆಂದುಕೊಂಡಾನು.

ಪದಗಳನ್ನು ಕಟ್ಟುವ ಮೊದಲು ಊರಿನಲ್ಲಿ ಏನಿದೆಯೆಂದು ನೋಡಬೇಕು. ಮಳೆಗಾಲದಲ್ಲಿ ಯಾವ ಪತ್ರಿಕೆಯನ್ನು ಬಿಡಿಸಿದರೂ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದಿರುತ್ತದೆ. ಓದಲು ಬರುವ ಪ್ರತಿಯೊಬ್ಬನಿಗೂ ಇದು ಅರ್ಥವಾಗುತ್ತದೆ. ಆದ್ದರಿಂದ ದೀಪದ ಸಾಲಿಗೆ ‘ಒಳಮಟ್ಟ’ ಎನ್ನಬಹುದು. ‘ಮಟ್ಟ’ ನಮ್ಮದೇ ಪದ. ತಮಿಳಿನಲ್ಲೂ ತೆಲುಗಿನಲ್ಲೂ ‘ಮಟ್ಟಂ’ ಇದೆ, ಗಾರೆಯವರ ಕೈಯಲ್ಲಿ ‘ರಸಮಟ್ಟ’ವಿದೆ. ಗುಂಡಿಗೆ ‘ತೂಬು’ ಎನ್ನಿ. ಕೆರೆಯ ನೀರನ್ನು ಎಷ್ಟು ಬಿಡಬೇಕೆಂದು ನಿರ್ಧರಿಸುವುದು ತೂಬು. ಕೆಂಪು ದೀಪಕ್ಕೆ ‘ಕೋಡಿ’. ಮಿತಿ ಮೀರಿದ ಕೆರೆ ಕೋಡಿ ಬೀಳುತ್ತದೆ. ಗರಿಷ್ಠ ಮಟ್ಟದವರೆಗೆ ಉಳಿದಿರುವ ಜಾಗಕ್ಕೂ ಪದ ಬೇಕಾದೀತು, ಅದನ್ನು ‘ಬಾಕಿ’ ಎನ್ನಿ. ಸಂಸ್ಕೃತದ ಹಂಗಿಲ್ಲದೆ ನಾಲ್ಕೂ ಸಿಕ್ಕವು.

ಧಾರವಾಡದಿಂದ:

ಸಂಸ್ಕೃತದ ಹಂಗು ತೊರೆದವರು ‘ಬಾಕಿ’ಯನ್ನು ಅರಬ್ಬಿಯಿಂದ ತಂದಿದ್ದಾರೆ. ಅಭಿನಂದನೆಗಳು.

ಬೆಂಗಳೂರಿನಿಂದ:

ಇಬ್ಬರು ಹಿರಿಯರ ಕ್ಷಮೆ ಕೋರಿ, ಧ್ವನಿಮುದ್ರಣವನ್ನೇ ವೃತ್ತಿಯಾಗಿ ಉಳ್ಳವನಾಗಿ ಎರಡು ಮಾತು.

ತೂಬಿನ ಹೋಲಿಕೆ ಅರ್ಧಕ್ಕೆ ನಿಲ್ಲುತ್ತದೆ. ತೂಬು ಇದ್ದ ನೀರನ್ನು ತಡೆದು ಬಿಡುತ್ತದೆಯೇ ಹೊರತು ನೀರನ್ನು ಹೆಚ್ಚಿಸುವುದಿಲ್ಲ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಈ ಗುಂಡಿ ಅದನ್ನು ನೂರಾರು ಪಟ್ಟು ಹಿಗ್ಗಿಸುತ್ತದೆ. ‘ಕೋಡಿ’ಯಂತೂ ಸರ್ವಥಾ ಬೇಡ. ಕೆರೆ ಕೋಡಿ ಬಿದ್ದರೆ ಊರವರು ಬಾಗಿನ ಬಿಡುತ್ತಾರೆ. ಕೋಡಿಯಲ್ಲಿ ಹರಿದ ನೀರು ಕೆಳಗಿನ ಕೆರೆಗಾದರೂ ಸೇರುತ್ತದೆ, ಚಪ್ಪಟೆಯಾದ ಅಲೆಯ ನೆತ್ತಿ ಎಲ್ಲಿಯೂ ಸಿಗುವುದಿಲ್ಲ. ದೀಪದ ಕೆಳಗೆ ಕೋಡಿ ಎಂದಿದ್ದರೆ ಹುಡುಗರು ಅದನ್ನು ಹೊತ್ತಿಸಲೆಂದೇ ಪ್ರಯತ್ನಿಸಬಹುದು.

ಈ ಅಪಾಯ ತಮಾಷೆಯದಲ್ಲ. ಮಟ್ಟವನ್ನು ತುಂಬಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಟೇಪಿನ ಕಾಲದ್ದು. ಆಗ ಟೇಪಿನ ಹಿಸ್ಸೆಂಬ ಸದ್ದನ್ನು ಮುಳುಗಿಸಬೇಕಾಗಿತ್ತು. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ, 16 ಬಿಟ್‌ನಲ್ಲಿ 96, 24 ಬಿಟ್‌ನಲ್ಲಿ 144 ಡೆಸಿಬೆಲ್‌ನಷ್ಟು ಹರವು (ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಅಂತರ) ಲೆಕ್ಕದ ಮೇಲೆ ಸಿಗುವುದರಿಂದ, 24 ಬಿಟ್‌ನಲ್ಲಿ ಮುದ್ರಿಸುವವರು ಸೊನ್ನೆಯ, ಎಂದರೆ ದಾಖಲಾಗಬಲ್ಲ ಗರಿಷ್ಠ ಮಟ್ಟದ, ಅಂಚಿಗೆ ಹೋಗುವ ಅಗತ್ಯವೇ ಇಲ್ಲ. ಮಾತು ಸಾಮಾನ್ಯವಾಗಿ −18 ಡೆಸಿಬೆಲ್‌ನ ಆಸುಪಾಸಿನಲ್ಲಿದ್ದು, ಆರ್ಭಟ −12ನ್ನು ಮುಟ್ಟಿದರೆ ಸಾಕು. ಹನ್ನೆರಡು ಡೆಸಿಬೆಲ್ ಎಂದರೆ ಅಲೆಯ ಎತ್ತರ ಇನ್ನೂ ನಾಲ್ಕು ಪಟ್ಟು ಆಗುವಷ್ಟು ಜಾಗ. ಕರ್ಣನ ಅರ್ಥ ಹೇಳುವವರಿಂದ ‘ಹಲೋ’ ಹೇಳಿಸಬಾರದು. ಶಲ್ಯನನ್ನು ಬೈಯುವ ಮಾತನ್ನೇ ಮೊದಲು ಹೇಳಿಸಿ, ಅದಕ್ಕೆ ಗುಂಡಿಯನ್ನು ನಿಲ್ಲಿಸಬೇಕು. ಚೆಂಡೆಯ ಮೈಕಿನ ಗುಂಡಿ ಬಹುತೇಕ ಕೆಳಗೇ ಇರಲಿ. ಅರ್ಥಧಾರಿಗಳ ಮೈಕಿಗೂ ಚೆಂಡೆ ಕೇಳಿಸುತ್ತದೆಂಬುದನ್ನು ಮರೆಯದೆ, ಬಾಯಿಗೂ ಮೈಕಿಗೂ ಇರುವ ದೂರದ ಮೂರು ಪಟ್ಟನ್ನಾದರೂ ಎರಡು ಮೈಕುಗಳ ನಡುವೆ ಬಿಡಿ.

ಪದದ ವಿಷಯಕ್ಕೆ ಬಂದರೆ, ಕೆಂಪು ದೀಪಕ್ಕೆ ಪದ ಕಟ್ಟುವ ಅಗತ್ಯವೇ ಇಲ್ಲ. ಜಾತ್ರೆಯ ಮೈಕ್ ಸೆಟ್ಟಿನವರು ‘ಸೌಂಡ್ ಒಡೀತಿದೆ’ ಎನ್ನುತ್ತಾರಲ್ಲ, ಅದೇ.

ಧಾರವಾಡದಿಂದ:

ಧ್ವನಿ ಒಡೆಯುವುದು ಹದಿಮೂರು ವರ್ಷದ ಹುಡುಗರಿಗೆ.

ಮಂಡ್ಯದಿಂದ:

ಅದು ಗಂಟಲಿನಲ್ಲಿ, ಇದು ದೀಪದ ಕೆಳಗೆ. ಒಂದು ಪದಕ್ಕೆ ಎರಡು ಅರ್ಥವಿರಬಾರದೆಂದರೆ ಕನ್ನಡದಲ್ಲಿ ‘ಕರೆ’ ಎಂಬುದನ್ನೂ ಬಳಸುವಂತಿಲ್ಲ. ಒಡೆಯುವುದನ್ನು ಒಪ್ಪಿದ್ದೇನೆ, ಕೋಡಿಯನ್ನು ಹಿಂತೆಗೆದುಕೊಂಡಿದ್ದೇನೆ. ಆದರೆ ಗುಂಡಿಗೆ ‘ಗೇನ್’ ಎಂದೇ ಬರೆಯಲು ಹೊರಟರೆ ಅದು ಸೋಲು. 1935ರಲ್ಲಿ ಮೈಸೂರಿನ ಗೋಪಾಲಸ್ವಾಮಿಯವರು ತಮ್ಮ ರೇಡಿಯೋ ಕೇಂದ್ರವನ್ನು ಆರಂಭಿಸಿದಾಗ ‘ಆಕಾಶವಾಣಿ’ ಎಂಬ ಪದ ಯಾರಿಗೆ ರೂಢಿಯಲ್ಲಿತ್ತು?

ಬೆಂಗಳೂರಿನಿಂದ:

ಆಕಾಶವಾಣಿ ಸಂಸ್ಕೃತವೆಂಬುದನ್ನು ಸದ್ಯಕ್ಕೆ ಬಿಡೋಣ. ಅದೇ ದಾರಿಯಲ್ಲಿ ಬಂದ ‘ಧ್ವನಿವರ್ಧಕ’ ಇಂದಿಗೂ ಪೊಲೀಸರ ಅನುಮತಿಪತ್ರದಲ್ಲಿ ಮಾತ್ರ ಉಳಿದಿದೆ. ಅನುಮತಿ ಕೇಳಲು ಹೋದವನು ಬಾಯಲ್ಲಿ ‘ಮೈಕಿಗೆ ಪರ್ಮಿಷನ್’ ಎಂದೇ ಹೇಳುತ್ತಾನೆ.

ಪುತ್ತೂರಿನಿಂದ:

ಎಲ್ಲರಿಗೂ ಕೃತಜ್ಞತೆಗಳು. ಈಗಷ್ಟೇ ಚೀಟಿಗಳನ್ನು ಅಂತಿಮಗೊಳಿಸಿದೆ. ದೀಪದ ಸಾಲಿಗೆ ‘ಒಳಮಟ್ಟ’; ನಮ್ಮ ಕಡೆ ‘ಮಟ್ಟು’ ಎಂದರೆ ಪದ್ಯವನ್ನು ಹಾಡುವ ಧಾಟಿಯಾದ್ದರಿಂದ ಭಾಗವತರು ಒಮ್ಮೆ ಕನ್ನಡಕ ಸರಿಮಾಡಿಕೊಂಡು ಓದಿದರು, ಅಷ್ಟೇ. −12ರ ಬಳಿ ಹಳದಿ ಗೆರೆ ಎಳೆದು ‘ಇಲ್ಲಿಗೆ ಸಾಕು’ ಎಂದು ಬರೆಸಿದ್ದೇನೆ. ಕೆಂಪು ದೀಪಕ್ಕೆ ‘ಒಡೆಯಿತು’. ಹೆಡ್‌ಫೋನಿನ ಗುಂಡಿಗೆ ‘ಕಿವಿಗೆ ಮಾತ್ರ’. ಮೈಕಿನ ಗುಂಡಿಗೆ ‘ಹಿಗ್ಗು’ ಎಂದು ಬರೆದು ಹುಡುಗರಿಗೆ ತೋರಿಸಿದೆ. ಅದಕ್ಕೆ ಸಂತೋಷವೆಂಬ ಅರ್ಥವೂ ಇರುವುದರಿಂದ ಅವರು ನಕ್ಕರು. ಆದ್ದರಿಂದ ಕನ್ನಡದ ಅಕ್ಷರಗಳಲ್ಲಿ ‘ಗೇನ್’ ಎಂದೇ ಬರೆದು, ಅದರ ಕೆಳಗೆ ಸಣ್ಣದಾಗಿ ‘ಒಡೆದರೆ ಇದನ್ನು ಇಳಿಸಿ’ ಎಂದು ಸೇರಿಸಿದ್ದೇನೆ.

ಧಾರವಾಡದಿಂದ:

‘ಗೇನ್’ ಎಂದೇ ಬರೆಯುವುದಿದ್ದರೆ ನಮ್ಮನ್ನೇಕೆ ಕೇಳಿದಿರಿ?