ಜವಳಿ ಅಂಗಡಿಯ ಕೆಲಸ ಬಿಡಬೇಕು ಅಂತಿದ್ದೇನೆ, ಬಿಟ್ಟವರು ಅನುಭವ ಹೇಳಿ

ಕೇಳಿದ್ದು:

ನನಗೆ 22 ವರ್ಷ. ಮನೆ ಪೈವಳಿಕೆ ಹತ್ತಿರ. ಡಿಗ್ರಿ ಮುಗಿಸಿ ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿಗೆ ಸೇರಿ ಹತ್ತು ತಿಂಗಳಾಯಿತು. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳೂವರೆವರೆಗೆ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ, ಕ್ಯಾಮರಾದಲ್ಲಿ ನೋಡಿ ಮೇಲಿನಿಂದ ಫೋನ್ ಬರುತ್ತದೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಕಟ್. ಎಲ್ಲರ ಎದುರೇ ಬೈಯುತ್ತಾರೆ. ಸೇರುವಾಗ ನನ್ನ ಎಸ್ಸೆಸ್ಸೆಲ್ಸಿ ಮೂಲ ಸರ್ಟಿಫಿಕೇಟ್ ತೆಗೆದುಕೊಂಡಿದ್ದರು, ಬಿಡುತ್ತೇನೆ ಅಂದರೆ ಕೊಡುತ್ತಾರೋ ಇಲ್ಲವೋ ಅಂತ ಹೆದರಿಕೆ. ಅಪ್ಪ "ಒಂದು ವರ್ಷ ಆದರೂ ನಿಲ್ಲು, ಎಲ್ಲಿ ಹೋದರೂ ಇದೇ" ಅನ್ನುತ್ತಾರೆ. ಬೇರೆ ಕೆಲಸ ಇನ್ನೂ ಸಿಕ್ಕಿಲ್ಲ. ಸಿಗುವ ಮೊದಲೇ ಬಿಡಬಹುದಾ? ಮನೆಯಲ್ಲಿ ಹೇಗೆ ಹೇಳುವುದು?

ನೀರ್ಚಾಲಿನಿಂದ ಒಬ್ಬರು:

ನಿಮ್ಮ ಪ್ರಶ್ನೆ ಓದಿ ನನಗೆ 2016ರ ಕುಂಬಳೆ ರೈಲ್ವೆ ಸ್ಟೇಷನ್ ಕಣ್ಣ ಮುಂದೆ ಬಂತು. ಆಗ ನನಗೂ 22. ಬಿಕಾಂ ಮುಗಿಸಿ ಮಂಗಳೂರಿನ ಒಂದು ಫೈನಾನ್ಸ್ ಕಂಪನಿಗೆ ಸೇರಿದ್ದೆ. ಸೇರುವಾಗ ಆಫೀಸ್ ಕೆಲಸ ಅಂದಿದ್ದರು, ಮೂರನೇ ವಾರಕ್ಕೆ ಕೈಗೊಂದು ಪಟ್ಟಿ ಕೊಟ್ಟು ಕಂತು ಕಟ್ಟದವರ ಮನೆಗೆ ಕಳಿಸಲು ಶುರು ಮಾಡಿದರು. ಬೇಸಗೆಯಲ್ಲಿ ಒಂದು ದಿನ ಬಂಟ್ವಾಳದ ಆಚೆ ಒಂದು ಮನೆಗೆ ಹೋಗಿದ್ದೆ. ವಯಸ್ಸಾದ ಒಬ್ಬ ಅಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದರು. ನಾನು ಯಾರು, ಎಂತಕ್ಕೆ ಬಂದದ್ದು ಅಂತ ಕೇಳುವ ಮೊದಲೇ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು, ಬಿಸಿಲಿಗೆ ಬಂದಿದ್ದೀ ಮಗಾ, ಮೊದಲು ಕುಡಿ ಅಂದರು. ಕುಡಿದು ಚೊಂಬು ಕೆಳಗಿಟ್ಟ ಮೇಲೆ ನಾನು ಅವರ ಮಗನ ಬೈಕಿನ ಮೂರು ಕಂತಿನ ವಿಷಯ ಎತ್ತಬೇಕಾಯಿತು. ಅಡಿಕೆ ಸುಲಿಯುತ್ತಿದ್ದ ಕೈ ಅಲ್ಲಿಗೇ ನಿಂತಿತು. ಒಂದು ಮಾತೂ ಆಡಲಿಲ್ಲ ಆ ಅಮ್ಮ.

ಅದಾದ ಮೇಲೂ ಒಂದು ತಿಂಗಳು ಹೋದೆ. ಆಮೇಲೆ ಒಂದು ಸೋಮವಾರ ಕುಂಬಳೆಯಲ್ಲಿ ರೈಲು ಬಂತು, ದಿನಾ ನನ್ನ ಜೊತೆ ಬರುವವರೆಲ್ಲ ಹತ್ತಿದರು, ನನಗೆ ಬೆಂಚಿನಿಂದ ಏಳಲು ಆಗಲಿಲ್ಲ. ಕಿಸೆಯಲ್ಲಿ ಸೀಸನ್ ಟಿಕೆಟ್ ಇತ್ತು. ಮನೆಗೆ ತಿರುಗಿ ಹೋಗಲಿಕ್ಕೆ ಮುಖ ಇಲ್ಲ. ಸಂಜೆವರೆಗೆ ಅಲ್ಲಿ ಇಲ್ಲಿ ಸುತ್ತಿ, ಕೆಲಸ ಮುಗಿಸಿ ಬಂದವನ ಹಾಗೆ ಮನೆ ಸೇರಿದೆ. ಹೀಗೆ ಹನ್ನೊಂದು ದಿನ. ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಸ್ಟೇಷನ್ನಿನಲ್ಲಿ ಕೂತು ಉಣ್ಣುತ್ತಿದ್ದೆ. ಆಫೀಸಿನ ಫೋನ್ ಎತ್ತಲಿಲ್ಲ, ಕೊನೆಗೆ ಸಿಮ್ಮನ್ನೇ ತೆಗೆದಿಟ್ಟೆ.

ಹನ್ನೆರಡನೇ ದಿನ ಯಾರೋ ಅಪ್ಪನಿಗೆ ಹೇಳಿದರು. ಬೈಸಿಕೊಳ್ಳಲು ತಯಾರಾಗಿಯೇ ಕೂತಿದ್ದೆ. ಅಪ್ಪ ಹೇಳಿದ್ದು ಇಷ್ಟೇ, "ಮೊದಲೇ ಹೇಳಿದ್ದರೆ ಮದ್ದು ಬಿಡಲಿಕ್ಕೆ ಒಂದು ಜನ ಆಗುತ್ತಿತ್ತು." ಜೂನ್ ತಿಂಗಳು. ಮಳೆ ಸ್ವಲ್ಪ ಹೊಳವಾದ ಕೂಡಲೇ ಅಡಿಕೆಗೆ ಕೊಳೆರೋಗದ ಮದ್ದು ಬಿಡಬೇಕು, ಜನ ಸಿಗದೆ ಅವರು ಊರೆಲ್ಲ ಕೇಳಿಕೊಂಡು ತಿರುಗುತ್ತಿದ್ದರು. ನಾನು ಅದೇ ಹೊತ್ತಿಗೆ ಸ್ಟೇಷನ್ನಿನಲ್ಲಿ ಸುಮ್ನೆ ಕೂತಿದ್ದೆ. ಆ ಮಾತು ಬೈಗುಳಕ್ಕಿಂತ ಜಾಸ್ತಿ ತಾಗಿತು.

ಕೆಲಸ ಬಿಟ್ಟದ್ದಕ್ಕೆ ನನಗೆ ಯಾವತ್ತೂ ಬೇಸರ ಆಗಿಲ್ಲ. ಬಿಟ್ಟ ರೀತಿಯಿಂದ ಮಾತ್ರ ತುಂಬ ಕಷ್ಟಪಟ್ಟೆ. ಕೊನೆಯ ತಿಂಗಳ ಸಂಬಳ ಹೋಯಿತು. ಮುಂದಿನ ಕಡೆ ಇಂಟರ್‌ವ್ಯೂನಲ್ಲಿ ಹಿಂದಿನ ಕಂಪನಿಯ ಪತ್ರ ಎಲ್ಲಿ ಅಂತ ಕೇಳಿದರು, ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಎಂಟು ತಿಂಗಳು ಪಿಎಫ್ ಕಟ್ಟಿದ್ದರು, ಆದರೆ ನಾನು ಬಿಟ್ಟ ತಾರೀಕನ್ನು ಅವರು ಹಾಕಲೇ ಇಲ್ಲ, ಅದು ಇಲ್ಲದೆ ದುಡ್ಡು ಕೈಗೆ ಬರುವುದಿಲ್ಲ. ಬಿಟ್ಟ ತಾರೀಕನ್ನು ನಾವೇ ಪಿಎಫ್ ವೆಬ್‌ಸೈಟಿನಲ್ಲಿ ಹಾಕಬಹುದು ಅಂತ ಗೊತ್ತಾದದ್ದು 2020ರಲ್ಲಿ. ಕೊನೆಯ ಸಲ ಹಣ ಕಟ್ಟಿ ಎರಡು ತಿಂಗಳು ಆಗಿರಬೇಕು, ಯುಎಎನ್‌ಗೆ, ಅಂದರೆ ಪಿಎಫ್‌ನಲ್ಲಿ ನಮಗೆ ಕೊಡುವ ನಂಬರಿಗೆ, ಆಧಾರ್ ಮತ್ತು ಮೊಬೈಲ್ ನಂಬರ್ ಜೋಡಿಸಿರಬೇಕು, ಅಷ್ಟೇ. ನಿಮ್ಮ ಸಂಬಳದಲ್ಲಿ ಪಿಎಫ್, ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) ಹಿಡಿಯುತ್ತಾರಾ ಅಂತ ಈಗಲೇ ನೋಡಿಕೊಳ್ಳಿ. ಹಿಡಿಯುತ್ತಿದ್ದರೆ ಯುಎಎನ್ ನಂಬರ್ ಬರೆದಿಟ್ಟುಕೊಳ್ಳಿ, ಅದು ಯಾವ ಮೊಬೈಲಿಗೆ ಜೋಡಣೆ ಆಗಿದೆ ಅಂತಲೂ ನೋಡಿ.

ಮತ್ತೆ, ಬಾಯಲ್ಲಿ ಹೇಳಿ ಬರಬೇಡಿ, ಕಾಗದ ಕೊಡಿ. ನಾಲ್ಕು ಸಾಲು ಸಾಕು: ಇಂಥ ತಾರೀಕಿಗೆ ಕೆಲಸ ಬಿಡುತ್ತಿದ್ದೇನೆ, ನನ್ನ ಬಾಕಿ ಸಂಬಳ, ಅನುಭವದ ಪತ್ರ, ನನ್ನಿಂದ ಪಡೆದ ಎಸ್ಸೆಸ್ಸೆಲ್ಸಿ ಮೂಲ ಸರ್ಟಿಫಿಕೇಟ್ ಕೊಡಬೇಕು. ಕಾರಣ ವಿವರಿಸಬೇಕಾಗಿಲ್ಲ, ಸಿಟ್ಟು ಬರೆಯಲೇಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸಹಿ, ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕುವುದಿಲ್ಲ ಅಂದರೆ ಅದನ್ನೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಫೋಟೋ ತೆಗೆದು ಮ್ಯಾನೇಜರಿಗೆ ವಾಟ್ಸಾಪ್ ಕೂಡ ಮಾಡಿ. ಎಷ್ಟು ದಿನ ಮೊದಲು ಹೇಳಬೇಕು ಅನ್ನುವುದು ನೇಮಕಾತಿ ಪತ್ರದಲ್ಲಿ ಇರುತ್ತದೆ. ಪತ್ರವೇ ಕೊಟ್ಟಿಲ್ಲ ಅಂತಾದರೂ ಒಂದು ತಿಂಗಳು ಮೊದಲು ಹೇಳುವುದು ಒಳ್ಳೆಯದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆ ಪ್ರಕಾರ ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದ ಒಳಗೆ ಕೊಡಬೇಕು. ಅಂಗಡಿಯವರು ಮುಂದಿನ ತಿಂಗಳು ನೋಡೋಣ ಅಂದರೆ ಇದನ್ನು ಮೆತ್ತಗೆ ನೆನಪಿಸಿ.

ಇನ್ನು, ಕೆಲಸ ಸಿಗುವ ಮೊದಲೇ ಬಿಡಬಹುದಾ ಅಂತ ಕೇಳಿದ್ದೀರಿ. ನಿಮ್ಮ ಹೆಸರಿನಲ್ಲಿ ತಿಂಗಳು ತಿಂಗಳು ಹೋಗುವ ದುಡ್ಡು ಎಷ್ಟು? ಚಿಟ್ಟಿ, ಚಿನ್ನ ಅಡವಿಟ್ಟ ಬಡ್ಡಿ, ತಮ್ಮನ ಫೀಸು, ರೀಚಾರ್ಜ್. ಅದನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮೂರು ತಿಂಗಳಿಗೆ ಆಗುವಷ್ಟು ಕೈಯಲ್ಲಿದ್ದರೆ ನಾನಾದರೆ ಬಿಡುತ್ತೇನೆ. ಇಲ್ಲದಿದ್ದರೆ ಓಣಂವರೆಗೆ ನಿಂತು ಬೋನಸ್ ತೆಗೆದುಕೊಂಡು ಬಿಡುವುದನ್ನೂ ಯೋಚಿಸಿ, ಇಲ್ಲಿಯ ಅಂಗಡಿಗಳಲ್ಲಿ ಬೋನಸ್ ಕೊಡುವುದು ಆ ಹೊತ್ತಿಗೇ ಅಲ್ವಾ. ಆದರೆ ರಾತ್ರಿ ನಿದ್ದೆ ಬಾರದ ಹಾಗೆ, ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳೆಸುವ ಹಾಗೆ ಆಗಿದ್ದರೆ ಬೋನಸ್ಸಿಗೆ ಕಾಯಬೇಡಿ.

ಕುಂಬಳೆಯಿಂದ ಒಬ್ಬರು:

ತಂಗಿ, ನಾನು ಜವಳಿ ಅಂಗಡಿಯಲ್ಲೇ ಆರು ವರ್ಷ ನಿಂತವಳು. ಒಬ್ಬ ಮದುಮಗಳ ಕಡೆಯವರು ಬಂದರೆ ನಲವತ್ತು ಸೀರೆ ಬಿಡಿಸಿ ತೋರಿಸಿ, ಒಂದನ್ನೂ ತೆಗೆಯದೆ ಅವರು ಇಳಿದು ಹೋದ ಮೇಲೆ ನಲವತ್ತನ್ನೂ ಅದೇ ಮಡಿಕೆಯಲ್ಲಿ ಮಡಚಬೇಕು. ಅದು ಕಷ್ಟ ಅಲ್ಲ, ಕೈಗೆ ಅಭ್ಯಾಸ ಆಗುತ್ತದೆ. ಕಾಲಿಗೆ ಮಾತ್ರ ಅಭ್ಯಾಸ ಆಗುವುದಿಲ್ಲ. ನನ್ನ ಎಡಗಾಲಿನ ನರ ಉಬ್ಬಿ ನೀಲಿಯಾಗಿದೆ, ಈಗಲೂ ರಾತ್ರಿ ದಿಂಬಿನ ಮೇಲೆ ಕಾಲಿಟ್ಟೇ ಮಲಗಬೇಕು. ನಾಲ್ಕನೇ ವರ್ಷಕ್ಕೇ ಗೊತ್ತಾಗಿತ್ತು, ಮನೆ ಸಾಲ ಅಂತ ಇನ್ನೆರಡು ವರ್ಷ ನಿಂತೆ. ಆ ಎರಡು ವರ್ಷ ನಿಲ್ಲಬಾರದಿತ್ತು. ನಿನಗೆ ಕಾಲು ಊದುತ್ತಿದೆಯಾ, ತೋರಿಸಿದ್ದೀಯಾ?

ನಿನ್ನ ಅಂಗಡಿ ಕಾಸರಗೋಡಿನಲ್ಲಿ ಇರುವುದರಿಂದ ಒಂದು ವಿಷಯ ಹೇಳುತ್ತೇನೆ. ಕೂರುವುದು ನಿನ್ನ ಹಕ್ಕು. ಕೇರಳ 2018ರಲ್ಲಿ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ಮಾಡಿ, ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕು ಅಂತ ಸೇರಿಸಿದೆ. ಅದು ಸುಮ್ನೆ ಬಂದದ್ದಲ್ಲ. ಕಲ್ಲಿಕೋಟೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ಅವರು ಪೆಣ್‌ಕೂಟ್ಟ್ ಅಂತ ಸಂಘಟನೆ ಕಟ್ಟಿ, ಅಂಗಡಿ ಹೆಂಗಸರಿಗೆ ಶೌಚಾಲಯ ಬೇಕು, ಕೂರಲು ಜಾಗ ಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ತ್ರಿಶ್ಶೂರಿನಲ್ಲಿ ಸೀರೆ ಅಂಗಡಿಯ ಹೆಂಗಸರು ಇದಕ್ಕಾಗಿಯೇ ಮುಷ್ಕರ ಕೂತರು. ಮಲಯಾಳದಲ್ಲಿ ಅದಕ್ಕೆ ಇರಿಪ್ಪು ಸಮರಂ ಅಂತಾರೆ, ಕೂರುವ ಹೋರಾಟ. ನಾನು ಕೆಲಸದಲ್ಲಿದ್ದಾಗ ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ನಮ್ಮ ಕಡೆಯ ಕನ್ನಡ ಹುಡುಗಿಯರಿಗೆ ಯಾರೂ ಹೇಳುವುದಿಲ್ಲ, ಅದೇ ನನಗೆ ದೊಡ್ಡ ಬೇಸರ.

ಸರ್ಟಿಫಿಕೇಟ್ ವಿಷಯ. ನಿನ್ನ ಮೂಲ ಸರ್ಟಿಫಿಕೇಟನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಬಿಡುತ್ತೇನೆ ಅನ್ನುವ ಮೊದಲೇ "ಒಂದು ಅರ್ಜಿಗೆ ಮೂಲ ಪ್ರತಿ ತೋರಿಸಬೇಕು" ಅಂತ ಕೇಳಿ ತೆಗೆದುಕೋ. ನನ್ನ ಜೊತೆಗಿದ್ದ ಇಬ್ಬರು ಹಾಗೆಯೇ ತೆಗೆದುಕೊಂಡರು. ಕೊಡದಿದ್ದರೆ ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಉಂಟು, ಅಲ್ಲಿ ದೂರು ಕೊಡು. ಮಲಯಾಳ ಬರೆಯಲು ಬಾರದು ಅಂತ ಹಿಂಜರಿಯಬೇಡ. 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆಯಲ್ಲೇ ಕನ್ನಡದವರು ಕನ್ನಡದಲ್ಲಿ ಪತ್ರ ಬರೆಯಬಹುದು ಅಂತ ಇದೆ, ನಾನು ಬರೆದದ್ದೂ ಕನ್ನಡದಲ್ಲೇ. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದವರು ಹೆಂಗಸರಿಗೆ ಉಚಿತವಾಗಿ ಕೊಡುತ್ತಾರೆ, ಆದಾಯ ಎಷ್ಟಿದ್ದರೂ ಸರಿ.

ಮಂಜೇಶ್ವರದಿಂದ ಒಬ್ಬರು:

ಮೇಲೆ ಕೂರುವ ಹಕ್ಕಿನ ಬಗ್ಗೆ ಹೇಳಿದ್ದು ಈಚೆ ಕಡೆಯ, ಅಂದರೆ ಕೇರಳದ ಅಂಗಡಿಗೆ. ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವವರು ಒಂದು ನೆನಪಿಡಿ, ಮನೆ ಎಲ್ಲಿದ್ದರೂ ಕೆಲಸದ ಜಾಗ ಯಾವ ರಾಜ್ಯದಲ್ಲಿ ಇದೆಯೋ ಆ ರಾಜ್ಯದ ಅಂಗಡಿ ಕಾಯ್ದೆ ನಡೆಯುತ್ತದೆ. ಕರ್ನಾಟಕದ್ದು 1961ರ ಬೇರೆಯೇ ಕಾಯ್ದೆ. ದೂರು ಕೊಡುವುದೂ ಅಲ್ಲಿಯೇ.

ಇಷ್ಟು ವರ್ಷದ ಮೊದಲು ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಅಂತ ಬಾಂಡ್ ಬರೆಸಿಕೊಂಡ ಕೆಲಸ ಆದರೆ ಮೊದಲು ಅದನ್ನು ಪೂರ್ತಿ ಓದಿ. "ಬಾಂಡಿಗೆಲ್ಲ ಬೆಲೆ ಇಲ್ಲ, ಸುಮ್ನೆ ಬಿಟ್ಟು ಬಾ" ಅಂತ ನನ್ನ ಗೆಳೆಯರೂ ಹೇಳಿದ್ದರು. ಹಾಗೆ ಹೇಳಲು ಬರುವುದಿಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರಕಾರಿ ಬ್ಯಾಂಕಿನ ಎರಡು ಲಕ್ಷ ರೂಪಾಯಿಯ ಬಾಂಡನ್ನು ಸರಿ ಅಂತ ಎತ್ತಿಹಿಡಿದಿದೆ.

ನನ್ನ ಕಥೆ ಸಣ್ಣದು. ಮಂಗಳೂರಿನಲ್ಲಿ ಬಿಲ್ಲಿಂಗ್ ಕೆಲಸದಲ್ಲಿದ್ದೆ, ಇಷ್ಟ ಇರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದರು, ರಸ್ತೆಗೆ ಮಣ್ಣೇ ಹಾಕಿದ ಜಾಗಗಳಿದ್ದವು. ತಿಂಗಳುಗಟ್ಟಲೆ ಹೋಗಲಾಗಲಿಲ್ಲ. ಸಂಬಳ ಇಲ್ಲದೆಯೂ ಮನೆ ಹೇಗೋ ನಡೆಯಿತು, ಅಮ್ಮ ಹಲಸಿನಕಾಯಿಯಲ್ಲೇ ಎರಡು ತಿಂಗಳು ಸಾಗಿಸಿದರು. ಗಡಿ ತೆರೆದ ಮೇಲೆ ನಾನು ಮೊದಲು ಹೋಗಿ ಮಾಡಿದ ಕೆಲಸ ರಾಜೀನಾಮೆ ಕೊಟ್ಟದ್ದು. ಈಗ ಹೊಸಂಗಡಿಯಲ್ಲಿ ಜೆರಾಕ್ಸ್, ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದೇನೆ. ಗಳಿಕೆ ಕೆಲವು ತಿಂಗಳು ಹಿಂದಿನ ಸಂಬಳಕ್ಕಿಂತ ಕಡಿಮೆಯೇ. ಮಧ್ಯಾಹ್ನ ಮನೆಗೆ ಹೋಗಿ ಉಣ್ಣುತ್ತೇನೆ.

ನನ್ನ ಅಂಗಡಿಗೆ ಪಿಎಸ್‌ಸಿ (ಸರಕಾರಿ ಕೆಲಸದ) ಅರ್ಜಿ ಹಾಕಲು ಬರುವ ಮಕ್ಕಳನ್ನು ನೋಡಿ ಒಂದು ಮಾತು. ಕಾಸರಗೋಡು ಜಿಲ್ಲೆಗೆ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ಕ್ಲರ್ಕ್ ಹುದ್ದೆಗೆ ಕರೆಯುತ್ತಾರೆ. ಮಲಯಾಳ ಓದಲು ಬರೆಯಲು ಗಟ್ಟಿ ಮಾಡಿಕೊಳ್ಳಿ, ಅರ್ಜಿ ಹಾಕಿ. ಆದರೆ ಅದನ್ನೇ ನಂಬಿ ಕೈ ಕಟ್ಟಿ ಕೂರಬೇಡಿ, ಪರೀಕ್ಷೆ, ರ‍್ಯಾಂಕ್ ಪಟ್ಟಿ, ನೇಮಕ ಅಂತ ವರ್ಷಗಳೇ ಹೋಗುತ್ತವೆ.

ಪೆರ್ಲದಿಂದ ಒಬ್ಬರು:

ನಾನು ಅಪ್ಪನ ಕಡೆಯಿಂದ ಬರೆಯುತ್ತಿದ್ದೇನೆ. ನನ್ನ ಮಗಳು ಹೀಗೇ ಒಂದು ಕಡೆ ಕೆಲಸದಲ್ಲಿದ್ದಳು. "ಸ್ವಲ್ಪ ಸಹಿಸಿಕೋ ಮಗಾ" ಅಂತ ನಾನೂ ಹೇಳಿದ್ದೆ. ಕೆಲಸ ಹೇಗಿದೆ ಅಂತ ಅವಳು ವಿವರವಾಗಿ ಹೇಳಿರಲಿಲ್ಲ, ಬೋರು, ಆಗುವುದಿಲ್ಲ ಅಂತ ಮಾತ್ರ ಹೇಳುತ್ತಿದ್ದಳು. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ ಅಂತ ನಾನು ತಿಳಿದುಕೊಂಡೆ. ಒಂದು ದಿನ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಬರಲು ಹೋದಾಗ ಅವಳು ಬಸ್ಸಿನ ಮೆಟ್ಟಿಲು ಇಳಿಯಲಾಗದೆ ಕಂಬಿ ಹಿಡಿದು ನಿಂತಿದ್ದನ್ನು ನೋಡಿದೆ. ಮರುದಿನದಿಂದ ಹೋಗಬೇಡ ಅಂದೆ.

ನಿಮ್ಮ ಅಪ್ಪನಿಗೆ "ಕೆಲಸ ಇಷ್ಟ ಇಲ್ಲ" ಅಂತ ಹೇಳಬೇಡಿ. ಎಷ್ಟು ಹೊತ್ತು ನಿಲ್ಲುತ್ತೀರಿ, ಯಾವ ಮಾತು ಅಂದರು, ಎಷ್ಟು ರೂಪಾಯಿ ಕಟ್ ಮಾಡಿದರು, ಅದನ್ನು ಹೇಳಿ. ಊಟ ಆದ ಮೇಲೆ ಹೇಳಿ, ನೆಂಟರು ಇರುವಾಗ ಬೇಡ. ಮುಂದೆ ಎಂತ ಮಾಡುತ್ತೀ ಅಂತ ಅವರು ಖಂಡಿತ ಕೇಳುತ್ತಾರೆ, ಅದಕ್ಕೊಂದು ಉತ್ತರ ಇಟ್ಟುಕೊಳ್ಳಿ.

ಕೇಳಿದವರೇ, ಮೂರು ವಾರದ ನಂತರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸರ್ಟಿಫಿಕೇಟ್ ಕೈಗೆ ಬಂತು, ಕುಂಬಳೆಯ ಅಕ್ಕ ಹೇಳಿದ ಹಾಗೆಯೇ ಕೇಳಿದೆ, ಎರಡು ದಿನ ಆಟ ಆಡಿಸಿ ಕೊಟ್ಟರು. ಅಕ್ಕಾ, ಕಾಲು ಡಾಕ್ಟರಿಗೆ ತೋರಿಸಿದೆ, ಸದ್ಯಕ್ಕೆ ನರಕ್ಕೆ ಏನೂ ಆಗಿಲ್ಲ ಅಂದರು. ಅಪ್ಪನ ಹತ್ತಿರ ಸಂಬಳದ ಚೀಟಿ ಇಟ್ಟು ಹೇಳಿದೆ, ಯಾವ ತಿಂಗಳು ಎಷ್ಟು ಕಟ್ ಆಗಿದೆ ಅಂತ. ಅವರು ಕನ್ನಡಕ ತಂದು ಹತ್ತು ಚೀಟಿಯನ್ನೂ ಒಂದೊಂದಾಗಿ ಓದಿದರು. "ಇಷ್ಟು ಹಿಡಿದದ್ದು ನೀನು ಹೇಳಲೇ ಇಲ್ಲವಲ್ಲ" ಅಂದರು. ರಾಜೀನಾಮೆ ಪತ್ರ ನಿನ್ನೆ ಕೊಟ್ಟೆ. ಮ್ಯಾನೇಜರ್ ಸಹಿ ಹಾಕಲಿಲ್ಲ, ಹಾಗಾಗಿ ಇವತ್ತು ಊಟದ ಹೊತ್ತಿನಲ್ಲಿ ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದೆ. ರಸೀದಿ ಪರ್ಸಿನಲ್ಲಿದೆ. ಇನ್ನು ಇಪ್ಪತ್ತೊಂಬತ್ತು ದಿನ ಉಂಟು.