ಅಪ್‌ಡೇಟ್: ಹಿಂದಿನ ಆ್ಯಕ್ಸಲ್‌ಗೆ ಸ್ಪ್ರಿಂಗ್ ಪ್ಯಾಡ್ ಕೂರಿಸಿದ್ದಾಯಿತು

ಬೇರೆ ವಾಹನದ ಆ್ಯಕ್ಸಲ್ ಹಾಕುವಾಗ ಲೀಫ್ ಸ್ಪ್ರಿಂಗ್‌ನ (ಪಟ್ಟಿ ಸ್ಪ್ರಿಂಗ್) ಪ್ಯಾಡ್‌ಗಳನ್ನು, ಅಂದರೆ ಆ್ಯಕ್ಸಲ್ ಸ್ಪ್ರಿಂಗ್‌ಗೆ ಕೂರುವ ಲೋಹದ ತುಂಡುಗಳನ್ನು, ಎಲ್ಲಿ, ಯಾವ ಕೋನದಲ್ಲಿ ವೆಲ್ಡ್ ಮಾಡಬೇಕು ಎಂದು ಕೇಳಿದ್ದೆ. ಕೆಲಸ ಮುಗಿದಿದೆ.

ಅಳತೆಯನ್ನು ಡಿಫರೆನ್ಷಿಯಲ್ ಉಬ್ಬಿನಿಂದ (ಆ್ಯಕ್ಸಲ್‌ನ ಗೇರ್‌ಗಳಿರುವ ಗೂಡು) ತೆಗೆದುಕೊಳ್ಳಬೇಡಿ ಎಂದವರಿಗೆ ಧನ್ಯವಾದ. ಈ ಆ್ಯಕ್ಸಲ್‌ನಲ್ಲಿ ಅದು ಒಂದು ಬದಿಗೆ ಸರಿದಿದೆ. ಚಕ್ರ ಕೂರುವ ಫ್ಲ್ಯಾಂಜ್‌ಗಳಿಂದ ಎರಡೂ ಕಡೆ ಸಮನಾಗಿ ಗುರುತು ಹಾಕಿದೆ.

ತಲೆ ತಿಂದದ್ದು ಪಿನಿಯನ್ ಕೋನ, ಅಂದರೆ ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಆ್ಯಕ್ಸಲ್‌ಗೆ ಸೇರುವ ಮೂತಿಯ ಓರೆ. ಪ್ಯಾಡ್‌ಗಳನ್ನು ವೆಲ್ಡ್ ಮಾಡದೆ ಯು-ಬೋಲ್ಟ್‌ನಲ್ಲಿ ಸಡಿಲವಾಗಿ ಹಿಡಿದು, ವಾಹನದ ಪೂರ್ತಿ ಭಾರವನ್ನು ಚಕ್ರಗಳ ಮೇಲೆ ಬಿಟ್ಟೆ. ಜ್ಯಾಕ್ ಮೇಲೆ ನೇತಾಡುವಾಗ ಅಳೆದ ಕೋನ ಯಾವ ಲೆಕ್ಕಕ್ಕೂ ಬಾರದು. ಗೇರ್‌ಬಾಕ್ಸ್‌ನ ಶಾಫ್ಟ್ ಹಿಂದಕ್ಕೆ 3 ಡಿಗ್ರಿ ಇಳಿದಿತ್ತು. ಅದಕ್ಕೆ ಸಮಾನಾಂತರವಾಗಲು ಪಿನಿಯನ್ ಮೂತಿ 3 ಡಿಗ್ರಿ ಮೇಲೇಳಬೇಕು, ನಾನು 1.5ಕ್ಕೆ ನಿಲ್ಲಿಸಿದೆ. ವೇಗ ಹೆಚ್ಚಿಸಿದಾಗ ಸ್ಪ್ರಿಂಗ್ ತಿರುಚಿಕೊಂಡು ಮೂತಿಯನ್ನು ತಾನೇ ಎತ್ತುತ್ತದೆ. ಒಬ್ಬರು ಹೇಳಿದ ‘ಕಣ್ಣಂದಾಜು ಸಾಕು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ನಂತರ ಸ್ಪ್ರಿಂಗ್‌ನ ಮುಂದಿನ ಕಣ್ಣಿನಿಂದ (ತುದಿಯ ಬೋಲ್ಟ್ ತೂತು) ಆ್ಯಕ್ಸಲ್‌ಗೆ ಎರಡೂ ಬದಿಯ ದೂರ, ಕರ್ಣದ ಅಳತೆ ಹೋಲಿಸಿ ಸದ್ಯಕ್ಕೆ ಹಿಡಿದಿಡುವಷ್ಟು ಚುಕ್ಕಿ ವೆಲ್ಡ್ ಹಾಕಿದೆ. ಆ್ಯಕ್ಸಲ್ ಕೆಳಗಿಳಿಸಿ, ಒಳಶಾಫ್ಟ್ ಮತ್ತು ಸೀಲ್ ತೆಗೆದು, ಬದಿ ಬದಲಿಸುತ್ತಾ ಗಿಡ್ಡ ಗಿಡ್ಡ ವೆಲ್ಡ್. ಒಂದೇ ಕಡೆ ಎಳೆದರೆ ಕೊಳವೆ ಬಿಸಿಗೆ ಬಾಗುತ್ತದೆ.

ಓಡಿಸಿ ನೋಡಿದೆ, ಕಂಪನವಿಲ್ಲ. ಶಾಕ್ ಅಬ್ಸಾರ್ಬರ್ ಬ್ರ್ಯಾಕೆಟ್‌ಗಳನ್ನು ಕೊನೆಗೆ ಕೂರಿಸಿದ್ದು ಒಳ್ಳೆಯದೇ ಆಯಿತು: ಪಿನಿಯನ್ ಕೋನ ಬದಲಾದಷ್ಟೂ ಅವುಗಳ ಜಾಗವೂ ಬದಲಾಗುತ್ತದೆ.